ಕಪಾಟಿನೊಳಗಿನ ಸಂಗೀತ: ಒಂದು ಮರುವಿಚಾರಣೆ

ಊರು ಬಿಟ್ಟು ಮಹಾನಗರಕ್ಕೆ ಬಂದ ಕನ್ನಡಿಗನು ತನ್ನೊಡನೆ ತಂದ ಸಾಮಾನು ಬಹಳವೇನೂ ಇರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಮನೆದೇವರ ಪಟ, ಉಪ್ಪಿನಕಾಯಿಯ ಭರಣಿ. ಇಷ್ಟಿದ್ದರೆ ಸಂಸಾರ ಆರಂಭವಾಗುತ್ತಿತ್ತು. ನೌಕರಿ ಕಾಯಂ ಆದ ಮೇಲೆ ಮೊದಲು ರೇಡಿಯೋ, ಅನಂತರ ರಿಕಾರ್ಡ್ ಪ್ಲೇಯರ್, ಕೊನೆಗೆ ಟೇಪ್ ರಿಕಾರ್ಡರ್ ಕ್ರಮವಾಗಿ ಗೃಹಪ್ರವೇಶ ಮಾಡಿದವು. ಅವುಗಳ ಬೆನ್ನಿಗೇ ತಟ್ಟೆಗಳೂ ಧ್ವನಿಸುರುಳಿಗಳೂ ಒಂದೊಂದಾಗಿ ಬಂದು ಕಪಾಟನ್ನು ತುಂಬಿದವು. ಊರಿಗೆ ಹೋಗಲು ರಜೆ ಸಿಗದ ವರ್ಷಗಳಲ್ಲಿ ಊರನ್ನೇ ಮನೆಗೆ ಕರೆತಂದುಕೊಟ್ಟದ್ದು ಈ ಕಪಾಟು.

ಮುಂಬಯಿಯ ಮಾಟುಂಗಾದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅಂಥ ಒಂದು ಕಪಾಟಿದೆ. ಧಾರವಾಡದ ಕಡೆಯಿಂದ ಬಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಯಜಮಾನರದು ಅದು. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ಸೊಸೈಟಿಯು ತೀರ್ಮಾನಿಸಿದೆ. ಎರಡು ಮೂರು ವರ್ಷ ಡೊಂಬಿವಲಿಯ ಬಾಡಿಗೆ ಮನೆಯಲ್ಲಿ ಕಳೆಯಬೇಕು; ಅಲ್ಲಿ ಈ ಕಪಾಟಿಗೆ ಸ್ಥಳವಿಲ್ಲ. “ಹಳೇವಂತ ಎಲ್ಲಾ ಇಟಗೊಂಡ್ರ ನಾವು ಎಲ್ಲಿ ಕೂಡೋದ್ರೀ?” ಎಂಬ ಮನೆಯಾಕೆಯ ಪ್ರಶ್ನೆ ನ್ಯಾಯವಾದದ್ದೇ. ಹಾಡೆಲ್ಲ ಫೋನಿನಲ್ಲೇ ಸಿಗುವಾಗ ತಟ್ಟೆಯ ಹಂಗೇಕೆ ಎಂಬ ಮಗನ ಮಾತನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇಂಥ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪನ್ನು ಮಾಡುತ್ತಾರೆ. ಬೇಸರದಿಂದ ಎಲ್ಲವನ್ನೂ ರದ್ದಿಯವನಿಗೆ ತೂಗಿಬಿಡುವುದು ಒಂದು. ಮೋಹದಿಂದ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಮತ್ತೆಂದೂ ತೆರೆಯದಂತೆ ಅಟ್ಟಕ್ಕೆ ಏರಿಸುವುದು ಇನ್ನೊಂದು. ಯಜಮಾನರು ಮೂರನೆಯ ಹಾದಿಯನ್ನು ಹಿಡಿದರು. ದಿನಕ್ಕೆ ಒಂದು ಗಂಟೆಯಂತೆ ಪ್ರತಿಯೊಂದನ್ನೂ ಮತ್ತೊಮ್ಮೆ ಕೇಳಿಯೇ ತೀರ್ಪು ಕೊಡುವುದೆಂದು ನಿಶ್ಚಯಿಸಿದರು.

ಕಾಲದ ಅಳತೆ

ಧ್ವನಿಮುದ್ರಿಕೆಯನ್ನು ತೂಗುವವನು ಮೊದಲು ಅದರ ಇತಿಮಿತಿಯನ್ನು ಅರಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷದ ಗಾಯನ ಮಾತ್ರ. ಭಾರತದಲ್ಲಿ 1902ರಲ್ಲಿ ಗೌಹರ್ ಜಾನ್ ಅವರು ಕಲ್ಕತ್ತೆಯಲ್ಲಿ ಹಾಡಿದಂದಿನಿಂದ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನಮ್ಮ ಗಾಯಕರು ಈ ಕಿರಿದಾದ ಕಿಂಡಿಯೊಳಗಿಂದಲೇ ರಾಗದ ದರ್ಶನವನ್ನು ಮಾಡಿಸಬೇಕಾಗಿತ್ತು. ಅಮೆರಿಕದಲ್ಲಿ 1948ರಲ್ಲಿ ಹೊರಬಂದ ಎಲ್.ಪಿ. ತಟ್ಟೆಯು ಈ ಅವಧಿಯನ್ನು ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಾಗಿ ವಿಸ್ತರಿಸಿತು. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಹೊರತಂದ ಕ್ಯಾಸೆಟ್ಟು ಅದನ್ನು ಮೂವತ್ತು, ನಲವತ್ತೈದು ನಿಮಿಷಗಳಿಗೆ ಒಯ್ದುದಲ್ಲದೆ, ಮುದ್ರಿಸುವ ಅಧಿಕಾರವನ್ನೇ ಮನೆಮನೆಗೆ ಹಂಚಿಕೊಟ್ಟಿತು.

ಆದರೆ ಕಾಲ ಹೆಚ್ಚಿದ ಮಾತ್ರಕ್ಕೆ ಸಂಗೀತ ಹೆಚ್ಚಿತೆಂದು ತಿಳಿಯುವುದು ಸರಿಯಲ್ಲ. ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ತಟ್ಟೆಯೊಂದನ್ನು ಅಂಗಡಿಯಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ ಗದುಗಿನ ಬಾಲಕನೊಬ್ಬನು 1933ರಲ್ಲಿ ಮನೆ ಬಿಟ್ಟು ಹೊರಟನು. ಆ ಬಾಲಕನೇ ಭೀಮಸೇನ ಜೋಶಿ. ಮೂರು ನಿಮಿಷದ ತಟ್ಟೆಯು ಒಂದು ಇಡೀ ಬಾಳನ್ನು ತಿರುಗಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಠುಮ್ರಿಯನ್ನು ಯಜಮಾನರು ಮತ್ತೆ ಕೇಳಿದಾಗ, ಸೂಜಿಯ ಕರಕರ ಸದ್ದಿನ ನಡುವೆಯೂ ಸ್ವರದ ಎಳೆ ಎಲ್ಲಿಯೂ ತುಂಡಾಗಲಿಲ್ಲ. ಆ ತಟ್ಟೆ ಉಳಿಯುವ ಸಾಲಿಗೆ ಸೇರಿತು.

ಒಂದೇ ಹೆಸರು, ಎರಡು ಕಂಠ

ಮರುಶ್ರವಣದ ನಿಜವಾದ ಲಾಭವು ಒಬ್ಬರೇ ಕಲಾವಿದರ ಬೇರೆ ಬೇರೆ ಕಾಲದ ಮುದ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದಾಗ ದೊರೆಯುತ್ತದೆ. ಗಂಗೂಬಾಯಿ ಹಾನಗಲ್ಲರು (1913–2009) 1930ರ ದಶಕದಲ್ಲಿ ಹಾಡಿದ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಮುಂದೆ ಗಂಟಲಿನ ಟಾನ್ಸಿಲ್ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಕಂಠವು ತಗ್ಗಿ, ಗಂಡುದನಿಯಂತೆ ಗಂಭೀರವಾಯಿತು. ಬೇರೊಬ್ಬರಾಗಿದ್ದರೆ ತಂಬೂರಿಯನ್ನು ಮೂಲೆಗಿಡುತ್ತಿದ್ದರೋ ಏನೋ. ಇವರು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಪಡೆದ ಶಿಕ್ಷಣದ ಬಲದಿಂದ ಆ ಒಡೆದ ಕಂಠವನ್ನೇ ಒಂದು ಮಹಾಶಕ್ತಿಯನ್ನಾಗಿ ಮಾಡಿಕೊಂಡರು. ಹಳೆಯ ತಟ್ಟೆಯಲ್ಲಿ ಚಾಪಲ್ಯವಿದೆ, ಮಾಧುರ್ಯವಿದೆ, ಅನಂತರದ ಎಲ್.ಪಿ.ಯಲ್ಲಿ ಸ್ವರವೊಂದನ್ನು ಬುಡಸಹಿತ ಕಿತ್ತು ಮುಂದಿಡುವ ಧೈರ್ಯವಿದೆ. ಒಂದನ್ನು ಕೇಳದೆ ಇನ್ನೊಂದರ ಬೆಲೆ ತಿಳಿಯದು. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಲೇಬೇಕು.

ಕುಮಾರ ಗಂಧರ್ವರ (1924–1992) ಕಥೆಯೂ ಇಂಥದೇ. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ, ಹೆಸರಾಂತ ಗಾಯಕರನ್ನು ಯಥಾವತ್ತಾಗಿ ಅನುಕರಿಸಿ ಸಭಿಕರನ್ನು ಬೆರಗುಗೊಳಿಸಿದವನು, ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಬೆಳೆದವನು. ಯೌವನದಲ್ಲಿಯೇ ಕ್ಷಯರೋಗವು ಹಿಡಿದು, 1948ರಲ್ಲಿ ಒಣಹವೆಯ ದೇವಾಸಕ್ಕೆ ತೆರಳಬೇಕಾಯಿತು. ವರ್ಷಗಟ್ಟಲೆ ಹಾಡಕೂಡದೆಂಬ ವೈದ್ಯರ ಕಟ್ಟಪ್ಪಣೆ. ಸ್ಟ್ರೆಪ್ಟೋಮೈಸಿನ್ ಔಷಧದ ನೆರವಿನಿಂದ ಚೇತರಿಸಿಕೊಂಡು 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆಯೇರಿದಾಗ ಒಂದು ಶ್ವಾಸಕೋಶವು ನಿಷ್ಪ್ರಯೋಜಕವಾಗಿತ್ತು. ಹಾಸಿಗೆಯಲ್ಲಿದ್ದಾಗ ಕಿವಿಗೆ ಬಿದ್ದ ಮಾಳವದ ಜನಪದ ಗೀತೆಗಳೂ, ಉಸಿರಿನ ಕೊರತೆಯಿಂದ ಹುಟ್ಟಿದ ಚಿಕ್ಕ ಚಿಕ್ಕ ಸ್ವರಗುಚ್ಛಗಳೂ, ನಡುವಣ ಮೌನವೂ ಸೇರಿ ಹೊಸದೊಂದು ಗಾಯನವೇ ಅವತರಿಸಿತು. ಯಜಮಾನರು ಮೂವತ್ತು ವರ್ಷಗಳ ಹಿಂದೆ ಇವರ ನಿರ್ಗುಣಿ ಭಜನೆಗಳ ತಟ್ಟೆಯನ್ನು ಗೆಳೆಯರ ಒತ್ತಾಯಕ್ಕೆ ಕೊಂಡು, ಒಮ್ಮೆ ಕೇಳಿ, ಅರ್ಥವಾಗದೆಂದು ಒಳಗಿಟ್ಟಿದ್ದರು. ಈಗ ಎರಡನೆಯ ಸಲ ಕೇಳುವಾಗ, ತಮಗೂ ಮೂರು ಮಹಡಿ ಏರಿದರೆ ಉಸಿರು ಸಾಲದೆ ಬರುವ ಈ ವಯಸ್ಸಿನಲ್ಲಿ, ಆ ಮೌನಗಳೆಲ್ಲ ಮಾತಾಡತೊಡಗಿದವು. ತಟ್ಟೆ ಬದಲಾಗಿರಲಿಲ್ಲ.

ಮಲ್ಲಿಕಾರ್ಜುನ ಮನ್ಸೂರರ ವಿಷಯದಲ್ಲಿ ತೀರ್ಪಿಗೆ ತಡವೇ ಆಗಲಿಲ್ಲ. ನೀಲಕಂಠಬುವಾ ಮಿರಜಕರರಿಂದ ಗ್ವಾಲಿಯರ್ ಪದ್ಧತಿಯನ್ನೂ, ಮಂಜೀಖಾನ್ ಮತ್ತು ಬುರ್ಜೀಖಾನರಿಂದ ಜಯಪುರ ಪದ್ಧತಿಯನ್ನೂ ಕಲಿತ ಅವರು, ರಾಗವನ್ನು ಹಿಗ್ಗಿಸುವ ಬದಲು ಅದರ ತಿರುಳನ್ನು ನೇರವಾಗಿ ಕೈಗಿಡುವ ಸ್ವಭಾವದವರು. ಆದುದರಿಂದಲೇ ಎಲ್.ಪಿ.ಯ ಇಪ್ಪತ್ತು ನಿಮಿಷವು ಅವರಿಗೆ ಎಂದೂ ಇಕ್ಕಟ್ಟಾದಂತೆ ತೋರುವುದಿಲ್ಲ. ಅಪರೂಪದ ರಾಗಗಳ ಅವರ ಮುದ್ರಿಕೆಗಳು ಫೋನಿನಲ್ಲಿ ದೊರೆತರೂ, ಕೈಯಿಂದ ಬಿಡಲು ಮನಸ್ಸಾಗಲಿಲ್ಲ.

ಭಾವಗೀತೆಗಳ ಪರೀಕ್ಷೆ

ಕಠಿಣವಾದ ಪರೀಕ್ಷೆ ನಡೆದದ್ದು ಕನ್ನಡದ ಸುಗಮ ಸಂಗೀತದಲ್ಲಿ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹಳೆಯ ಕ್ಯಾಸೆಟ್ಟುಗಳಿಗೂ ಅನ್ವಯಿಸುತ್ತದೆ. ಪಿ. ಕಾಳಿಂಗರಾಯರ ಗಾಯನ ಮೊದಲು ಬಂದಿತು. ಕವಿಯ ಮಾತು ಒಂದಕ್ಷರವೂ ಮಸುಕಾಗದಂತೆ ತೆರೆದ ಕಂಠದಿಂದ ಹಾಡುವ ಅವರ ಕ್ರಮ ಇಂದಿಗೂ ಹಳಸಿಲ್ಲ. ಅನಂತರ 1978ರಲ್ಲಿ ಹೊರಬಂದ ‘ನಿತ್ಯೋತ್ಸವ’: ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೆಸರಾದದ್ದು. ಪರನಾಡಿನ ಕನ್ನಡಿಗರ ರಾಜ್ಯೋತ್ಸವಗಳಲ್ಲಿ ಅತಿಯಾಗಿ ಕೇಳಿ ಸವೆದಂತೆ ತೋರಿದ್ದ ಆ ಹಾಡುಗಳು, ಸಭಾಂಗಣದ ಗದ್ದಲವಿಲ್ಲದೆ ಒಬ್ಬರೇ ಕುಳಿತು ಕೇಳಿದಾಗ ತಮ್ಮ ಮೊದಲಿನ ಸರಳತೆಯನ್ನು ಮರಳಿ ಪಡೆದವು. ಸಿ. ಅಶ್ವತ್ಥರು ಹಾಡಿದ ಶಿಶುನಾಳ ಶರೀಫರ ತತ್ತ್ವಪದಗಳ ಆವೇಶವೂ ಅಡಗಿರಲಿಲ್ಲ.

ಉಳಿದ ಅನೇಕ ಕ್ಯಾಸೆಟ್ಟುಗಳು ಹೀಗೆ ತೇರ್ಗಡೆಯಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಂದು ಒಳ್ಳೆಯ ಹಾಡು, ಅದರ ಆಸರೆಯಲ್ಲಿ ಏಳು ಭರ್ತಿಯ ಹಾಡುಗಳು. ಕವಿತೆ ಯಾವುದಾದರೂ ಅದೇ ತಾಳ, ಅದೇ ಎಲೆಕ್ಟ್ರಾನಿಕ್ ಕೀಬೋರ್ಡಿನ ಹೊಳೆ. ಕೊಂಡ ದಿನಗಳಲ್ಲಿ ಕನ್ನಡ ಎಂಬ ಒಂದೇ ಕಾರಣಕ್ಕೆ ಅವು ಪ್ರಿಯವಾಗಿದ್ದವು. ಪ್ರೀತಿಯಿಂದ ಕೊಂಡದ್ದಕ್ಕೆ ಪಶ್ಚಾತ್ತಾಪ ಬೇಡ. ಆದರೆ ಪ್ರೀತಿಯೊಂದೇ ಗುಣಕ್ಕೆ ಪ್ರಮಾಣವಾಗಲಾರದು. ದಾಸರ ಪದಗಳನ್ನು ಕನ್ನಡದಲ್ಲಿಯೂ ಅಭಂಗಗಳನ್ನು ಮರಾಠಿಯಲ್ಲಿಯೂ ಹಾಡಿದ ಭೀಮಸೇನ ಜೋಶಿಯವರ ಸುರುಳಿಗಳು ಮಾತ್ರ ನೆರೆಮನೆಯ ಮರಾಠಿ ಸಂಸಾರಕ್ಕೂ ತಮ್ಮವೇ ಆಗಿದ್ದುದರಿಂದ, ಕೈಯಿಂದ ಕೈಗೆ ತಿರುಗಿ ಸವೆದುಹೋಗಿದ್ದವು. ಸವೆತವೂ ಒಂದು ಬಗೆಯ ಮೆಚ್ಚುಗೆಯ ಪತ್ರವೇ.

ನ್ಯಾಯಾಧೀಶನ ಕಿವಿ

ಇಲ್ಲಿ ಆರೋಗ್ಯದ ಪ್ರಶ್ನೆಯೊಂದು ಅಡ್ಡ ಬರುತ್ತದೆ. ತಟ್ಟೆಯಂತೆ ಕಿವಿಯೂ ಸವೆಯುತ್ತದೆ. ಒಳಗಿವಿಯ ಶಂಖದಾಕಾರದ ಅಂಗದಲ್ಲಿರುವ ಸೂಕ್ಷ್ಮ ರೋಮಕೋಶಗಳು ನಾದವನ್ನು ನರಸಂದೇಶವನ್ನಾಗಿ ಮಾರ್ಪಡಿಸುತ್ತವೆ. ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ವಯಸ್ಸಾದಂತೆ ಮೊದಲು ಕುಗ್ಗುವುದು ಹೆಚ್ಚಿನ ಕಂಪನದ ಸ್ವರಗಳ ಗ್ರಹಿಕೆ. ತಂಬೂರಿಯ ಝೇಂಕಾರದ ಮೇಲಣ ಹೊಳಪು, ಸಾಹಿತ್ಯದ ಸ, ಶ, ತ ಮುಂತಾದ ವ್ಯಂಜನಗಳು ಮಂಕಾಗುತ್ತವೆ. ಆಗ ಹಿರಿಯರು ಮುದ್ರಣವೇ ಕೆಟ್ಟಿದೆಯೆಂದೋ, ಇಂದಿನ ಗಾಯಕರಿಗೆ ಉಚ್ಚಾರ ಬಾರದೆಂದೋ ದೂರುವುದುಂಟು. ತೀರ್ಪು ಕೊಡುವ ಮುನ್ನ ಕಿವಿಯ ವೈದ್ಯರಲ್ಲಿ ಒಮ್ಮೆ ಶ್ರವಣಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು ಇನ್ನೂ ಸುಲಭವಾದ ಉಪಾಯ. ಅಜ್ಜನಿಗೆ ಕೇಳಿಸದ ಮಂಜೀರದ ದನಿ ಅವಳಿಗೆ ಕೇಳಿಸುತ್ತದೆ.

ಕೇಳಿಸದೆಂದು ದನಿಯನ್ನು ಏರಿಸುತ್ತ ಹೋಗುವುದು ಅಪಾಯಕರ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನದ ಪ್ರಕಾರ 80 ಡೆಸಿಬೆಲ್ ಮಟ್ಟದ ನಾದವನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮೂರು ಡೆಸಿಬೆಲ್ ಹೆಚ್ಚಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. ಲೋಕಲ್ ಗಾಡಿಯ ಸದ್ದನ್ನು ಮುಚ್ಚಲು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ದನಿಯೇರಿಸುವ ತರುಣರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಹಳೆಯ ಸಂಗ್ರಹವನ್ನು ತೆರೆಯುವಾಗಲೂ ಎಚ್ಚರ ಅಗತ್ಯ. ಮುಂಬಯಿಯ ಮಳೆಗಾಲದ ತೇವಕ್ಕೆ ಕವಚಗಳ ಮೇಲೆ ಬೂಷ್ಟು ಹಿಡಿದಿರುತ್ತದೆ. ಅದರ ಧೂಳು ಉಬ್ಬಸದವರಿಗೆ ಕೇಡು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದು ಒರೆಸಬೇಕು. ಅರಗಿನ 78ರ ತಟ್ಟೆಗೆ ಸ್ಪಿರಿಟ್ ತಾಗಿಸಿದರೆ ಅರಗೇ ಕರಗಿ ಗೀರು ಹಾಳಾಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು. ಹಳೆಯ ಕ್ಯಾಸೆಟ್ಟಿನ ವಿಷಯದಲ್ಲಂತೂ, ಮೊದಲ ಸಲ ನುಡಿಸುವಾಗಲೇ ಪ್ರತಿ ತೆಗೆದುಕೊಳ್ಳಬೇಕು. ಎರಡನೆಯ ಸಲ ಪಟ್ಟಿ ತುಂಡಾಗದೆಂಬ ಭರವಸೆಯಿಲ್ಲ.

ಕೊನೆಯ ತೀರ್ಪು

ನಾಲ್ಕು ತಿಂಗಳ ವಿಚಾರಣೆ ಮುಗಿಯುವ ಹೊತ್ತಿಗೆ ಮೂರು ರಾಶಿಗಳಾದವು. ಎಲ್ಲಿಯಾದರೂ ದೊರೆಯುವಂಥವು, ಮತ್ತು ಮತ್ತೆ ಕೇಳಬೇಕೆನಿಸದಂಥವು ಮೊದಲನೆಯ ರಾಶಿ. ಅವುಗಳಲ್ಲಿ ತಟ್ಟೆಗಳು ಚೋರ್ ಬಜಾರಿನ ಹಳೆಯ ರಿಕಾರ್ಡುಗಳ ಅಂಗಡಿಗೆ ಹೋದವು. 2016ರಲ್ಲಿ ಬಾಗಿಲು ಮುಚ್ಚಿದ ಕಾಲಾ ಘೋಡಾದ ರಿದಂ ಹೌಸಿನಲ್ಲಿ ಸಂಬಳದ ದಿನ ಕೊಂಡ ಕೆಲವು ತಟ್ಟೆಗಳೂ ಅವುಗಳೊಂದಿಗೆ ಹೋದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಎರಡನೆಯದು, ಮೇಲೆ ಹೇಳಿದಂಥ ಉತ್ತಮ ಮುದ್ರಿಕೆಗಳು. ಒಂದು ಸಣ್ಣ ಪೆಟ್ಟಿಗೆಗೆ ಸಾಕಾದಷ್ಟು.

ಮೂರನೆಯ ರಾಶಿಯಲ್ಲಿದ್ದವು ಕೇವಲ ಹನ್ನೊಂದು ಕ್ಯಾಸೆಟ್ಟುಗಳು. ಯಾವ ಕಂಪನಿಯೂ ಮುದ್ರಿಸದ, ಯಾವ ಅಂಗಡಿಯಲ್ಲೂ ಸಿಗದ, ಫೋನಿನಲ್ಲಿ ಹುಡುಕಿದರೆ ಬಾರದ ಸುರುಳಿಗಳು ಅವು. ಕನ್ನಡ ಸಂಘದ ಗಣೇಶೋತ್ಸವದಲ್ಲಿ ಸದಸ್ಯರೇ ಹಾಡಿದ ಕಾರ್ಯಕ್ರಮ ಒಂದರಲ್ಲಿ. ಊರಿಂದ ಬಂದಿದ್ದ ತಾಯಿ ಅಡುಗೆಮನೆಯಲ್ಲಿ ಕುಳಿತು ಹೇಳಿದ ಬೀಸುವ ಪದ, ಆರತಿ ಪದ ಇನ್ನೊಂದರಲ್ಲಿ. ನಡುವೆ ಕುಕ್ಕರಿನ ಸೀಟಿ, ಕೆಳಗೆ ಹಳೇ ಬಾಟಲಿಯವನ ಕೂಗು. ಶ್ರುತಿ ನಿಂತಿಲ್ಲ, ತಾಳ ಜಾರಿದೆ. ಸಂಗೀತದ ತಕ್ಕಡಿಯಲ್ಲಿ ಅದು ಏಳಲಾರದು. ಆದರೂ ಮೊದಲು ಪ್ರತಿಯಾದದ್ದು ಅದೇ. ಸ್ಥಳವಿಲ್ಲವೆಂದಿದ್ದ ಮನೆಯಾಕೆಯೇ ಆ ಹನ್ನೊಂದನ್ನು ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ತಮ್ಮ ಟ್ರಂಕಿನೊಳಗೆ ಇಟ್ಟುಕೊಂಡರು.

ಪ್ರತಿಯೊಂದರ ಮೇಲೂ ಯಾರು ಹಾಡಿದರು, ಎಲ್ಲಿ, ಯಾವ ವರ್ಷ ಎಂದು ಯಜಮಾನರು ಕನ್ನಡದಲ್ಲಿ ಬರೆದು ಅಂಟಿಸಿದರು. ಆಮೇಲೆ ಏನೋ ನೆನಪಾಗಿ, ಕನ್ನಡ ಓದಲು ಬಾರದ ಮೊಮ್ಮಗಳನ್ನು ಕರೆದು, ತಾವು ಹೇಳಿದಂತೆ ಅದರ ಕೆಳಗೆ ಅವಳಿಗೆ ಬರುವ ದೇವನಾಗರಿಯಲ್ಲಿ ಅವಳ ಕೈಯಿಂದಲೇ ಇನ್ನೊಮ್ಮೆ ಬರೆಯಿಸಿದರು.