ಕ್ಷಯಕ್ಕೆ ಸ್ಟ್ಯಾಟಿನ್ ಮದ್ದಾದೀತೆ?

ಹೃದಯಾಘಾತದ ಭಯದಿಂದ ನಿತ್ಯವೂ ನುಂಗುವ ಕೊಲೆಸ್ಟರಾಲಿನ ಮಾತ್ರೆಯು ಶ್ವಾಸಕೋಶದ ಕ್ಷಯವನ್ನೂ ಬೇಗನೆ ಗುಣಪಡಿಸುವುದಂತೆ, ನಿಜವೇ ಎಂದು ನ್ಯಾಮತಿಯ ಓದುಗರೊಬ್ಬರು ಕೇಳಿದ್ದಾರೆ. ಪ್ರಶ್ನೆ ಯೋಗ್ಯವಾದುದು, ಅದರ ಹಿಂದಿರುವ ವಿಚಾರಸರಣಿಯಂತೂ ಬಹು ಮನೋಹರವಾದುದು.

ಶ್ವಾಸಕೋಶವನ್ನು ಹೊಕ್ಕ ಕ್ಷಯಾಣುವನ್ನು ನಮ್ಮ ದೇಹದ ರಕ್ಷಕಕೋಶಗಳು ನುಂಗುವುದೇನೋ ನುಂಗುತ್ತವೆ, ಆದರೆ ಅನೇಕ ವೇಳೆ ಅರಗಿಸಿಕೊಳ್ಳಲಾರವು. ಹೊನ್ನಾಳಿಯ ರೈತನು ಭತ್ತವನ್ನು ಕಣಜಕ್ಕೆ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಇನ್ನು ಚಿಂತೆಯಿಲ್ಲವೆಂದು ನೆಮ್ಮದಿಯಾಗಿರುವಾಗ, ಒಳಗೆ ಉಳಿದುಹೋದ ಹುಳುವು ಆ ಭತ್ತವನ್ನೇ ತಿಂದು ಕಾಲ ಕಳೆಯುವಂತೆ, ಕ್ಷಯಾಣುವೂ ತನ್ನನ್ನು ಸೆರೆಹಿಡಿದ ಕೋಶದ ಕೊಲೆಸ್ಟರಾಲನ್ನೇ ಉಂಡು ಬಹುಕಾಲ ಬಾಳಬಲ್ಲುದು. ಇದನ್ನು 2008ರಲ್ಲಿ ಅಮೆರಿಕದಲ್ಲಿ ಪಾಂಡೆ ಮತ್ತು ಸಾಸೆಟ್ಟಿ ಎಂಬ ಸಂಶೋಧಕರು ತೋರಿಸಿಕೊಟ್ಟರು. ಹಾಗಾದರೆ ಕಣಜವನ್ನೇ ಬರಿದುಮಾಡಿದರೆ ಹುಳು ಸೊರಗದೆ?

ಬರಿದುಮಾಡುವ ಮದ್ದು ದೊರೆತದ್ದೂ, ವಿಸ್ಮಯವೆಂಬಂತೆ, ಧಾನ್ಯದ ಅಂಗಡಿಯಲ್ಲಿಯೇ. ಜಪಾನಿನ ಅಕಿರಾ ಎಂಡೊ ಎಂಬ ಮಹಾಶಯರು ಸುಮಾರು 6000 ಬಗೆಯ ಶಿಲೀಂಧ್ರಗಳನ್ನು ಅಸಾಧಾರಣ ತಾಳ್ಮೆಯಿಂದ ಪರೀಕ್ಷಿಸಿ, ಕ್ಯೋಟೊ ನಗರದ ಅಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಿಂದ 1973ರಲ್ಲಿ ಮೊದಲನೆಯ ಸ್ಟ್ಯಾಟಿನನ್ನು ಪಡೆದರು. ಕೋಶವು ಕೊಲೆಸ್ಟರಾಲನ್ನು ತಯಾರಿಸಲು ಬೇಕಾದ ಕಿಣ್ವವನ್ನು ಅದು ತಡೆಯುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಈ ವರ್ಗದ ಔಷಧಿಗಳು ಇಲಿಗಳಲ್ಲಿಯೂ ಮಾನವಕೋಶಗಳಲ್ಲಿಯೂ ಕ್ಷಯಾಣುಗಳನ್ನು ಕಡಮೆಮಾಡಿದುವು.

ಮನುಷ್ಯರಲ್ಲಿ ಮಾತ್ರ ಫಲ ಅಷ್ಟು ಸುಲಭವಾಗಿ ಕೈಗೆ ಸಿಕ್ಕಲಿಲ್ಲ. ಫಿಲಿಪೀನ್ಸ್, ವಿಯೆಟ್ನಾಂ, ಉಗಾಂಡಾಗಳ 137 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಂಟು ವಾರ ದಿನಕ್ಕೆ 10 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್ ಸೇರಿಸಿ ಕೊಟ್ಟರೂ ಕಫವು ರೋಗಾಣುಮುಕ್ತವಾಗುವ ಕಾಲ ಕಡಮೆಯಾಗಲಿಲ್ಲ. ನೈಜೀರಿಯದಲ್ಲಿ ಅಟೋರ್ವಾಸ್ಟ್ಯಾಟಿನ್ ಕುರಿತು ನಡೆದ ಸಣ್ಣ ಪರೀಕ್ಷೆಯೊಂದು ಆಶಾದಾಯಕವಾಗಿದ್ದರೂ ಅದಿನ್ನೂ ಸಿದ್ಧಾಂತವಲ್ಲ. ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಯಕೃತ್ತನ್ನು ಪ್ರಚೋದಿಸಿ ಹಲವು ಸ್ಟ್ಯಾಟಿನ್‌ಗಳನ್ನು ರಕ್ತದಿಂದ ಶೀಘ್ರವಾಗಿ ಹೊರಗಟ್ಟುವುದೂ ಒಂದು ತೊಡಕೇ. ಇಲಿಯಲ್ಲಿ ಕಂಡುದನ್ನೇ ಚಿಕಿತ್ಸೆಯೆಂದು ಸಾರುವ ಆತುರವನ್ನು ನಾನು ಒಪ್ಪಲಾರೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯು 1959ರಲ್ಲಿ ಸ್ಥಾಪಿತವಾದಂದಿನಿಂದ ಕ್ಷಯಚಿಕಿತ್ಸೆಯನ್ನು ಹಳ್ಳಿಗಳಿಗೆ ಮುಟ್ಟಿಸುವ ಮಾರ್ಗವನ್ನು ರೂಪಿಸುತ್ತ ಬಂದಿತು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆಗಳು ಇಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಚನ್ನಗಿರಿಯವರಾಗಲಿ ಜಗಳೂರಿನವರಾಗಲಿ ಅವನ್ನು ನಡುವೆ ಬಿಡಬಾರದು. ಮೊದಲೇ ಸ್ಟ್ಯಾಟಿನ್ ಸೇವಿಸುತ್ತಿರುವವರು ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.