ಪದ ಬಾರದವರ ಪದ

ನಮ್ಮ ನುಡಿಯಲ್ಲಿ ‘ಪದ’ ಎಂಬುದಕ್ಕೆ ಎರಡು ಅರ್ಥಗಳಿವೆ. ವೈಯಾಕರಣರಿಗೆ ಅದು ಶಬ್ದ; ಹಳ್ಳಿಯವರಿಗೆ ಹಾಡು. ಹೀಗಿರುವಲ್ಲಿ ಪದ ಗೊತ್ತಿಲ್ಲದೆ ಪದ ಹಾಡುವುದೆಂದರೆ ಬರಿಯ ಮಾತಿನ ಚಮತ್ಕಾರದಂತೆ ಕೇಳಿಸೀತು. ಆದರೆ ಅದು ನಾವೆಲ್ಲರೂ ದಿನವೂ ಮಾಡುವ ಕೆಲಸ. ರೇಡಿಯೋದಲ್ಲಿ ಚಿತ್ರಗೀತೆಯೊಂದು ಬರುತ್ತದೆ. ಪಲ್ಲವಿಯನ್ನು ದನಿಯೆತ್ತಿ ಹಾಡುತ್ತೇವೆ. ಚರಣ ಬಂದೊಡನೆ ದನಿ ತಗ್ಗುತ್ತದೆ. ಮಾತು ಹೋಗಿ ಬರಿಯ ಗುನುಗು ಉಳಿಯುತ್ತದೆ. ಸಾಲಿನ ಕೊನೆಯ ಪ್ರಾಸ ಹತ್ತಿರವಾದಾಗ ಮತ್ತೆ ಧೈರ್ಯ ಬಂದು ಗಾಯಕನನ್ನು ಕೂಡಿಕೊಳ್ಳುತ್ತೇವೆ. ಪಕ್ಕದಲ್ಲಿ ಯಾರಾದರೂ ಇದ್ದರೆ ತುಸು ನಾಚಿಕೆಯೂ ಆಗುತ್ತದೆ.

ಈ ನಾಚಿಕೆ ಓದು ಬಂದವರದು. ಅಚ್ಚಾದ ಪಾಠವೊಂದು ಎಲ್ಲೋ ಇದೆ, ಅದು ನಮಗೆ ಕಂಠಸ್ಥವಿಲ್ಲ ಎಂಬ ಅಳುಕು ಅದರ ಹಿಂದಿದೆ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯ ಹಾಡುಗಾರಿಕೆಯಲ್ಲಿ ಈ ಅಳುಕಿಗೆ ಎಡೆಯಿಲ್ಲ. ಪದ ಬಾರದವನಿಗೂ ಅಲ್ಲಿ ಹಾಡಿನ ಒಳಗೇ ಒಂದು ಜಾಗವನ್ನು ಕಾದಿರಿಸಿದ್ದಾರೆ.

ಎರಡು ದೊಡ್ಡ ಜನಪದ ಮಹಾಕಾವ್ಯಗಳು ಬೆಳೆದ ನೆಲ ಇದು. ಇಂದಿನ ಹನೂರು ತಾಲ್ಲೂಕಿಗೆ ಸೇರಿದ ಬೆಟ್ಟದಲ್ಲಿ ನೆಲೆಸಿ ಎಪ್ಪತ್ತೇಳು ಮಲೆಗಳ ಒಡೆಯನೆನಿಸಿದ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಹಾಡುತ್ತಾರೆ. ಎರಡೂ ಇರುಳಿಡೀ ಹಾಡಿದರೂ ಮುಗಿಯದ ಕಥೆಗಳು. ಮಾದೇಶ್ವರನ ಕಾವ್ಯಕ್ಕೆ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ಹಲವು ಸಾಲುಗಳಿವೆ. ‘ಸಾಲು’ ಎಂದರೆ ಇಲ್ಲಿ ಒಂದು ಪಂಕ್ತಿಯಲ್ಲ, ಒಂದು ದೊಡ್ಡ ಕಥಾಭಾಗ. 1973ರಲ್ಲಿ ಪಿ. ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಪಟ್ಟಣದ ಓದುಗರಿಗೆ ಅದರ ಗಾತ್ರದ ಅರಿವಾಯಿತು.

ಇಷ್ಟನ್ನೂ ನೆನಪಿನಲ್ಲಿ ಹೊರುವ ಹೊಣೆ ಮುಖ್ಯ ಹಾಡುಗಾರನೊಬ್ಬನದು. ಅವನ ಬೆನ್ನಿಗಿರುವ ಹಿಮ್ಮೇಳದವರಿಗೆ ಅಷ್ಟು ಹೊರೆಯಿಲ್ಲ. ಅವನು ಪಂಕ್ತಿಯೊಂದನ್ನು ಬಿಟ್ಟ ಕಡೆಯಲ್ಲಿ ಇವರು ಎತ್ತಿಕೊಳ್ಳುತ್ತಾರೆ. ಅದರ ಬಾಲವನ್ನು ಹಿಡಿದು ಎಳೆಯುತ್ತಾರೆ, ಇಲ್ಲವೆ ಮತ್ತೆ ಮತ್ತೆ ಮರಳುವ ಸೊಲ್ಲನ್ನು ಹಾಡುತ್ತಾರೆ. ಅವನು ಹಾಡು ನಿಲ್ಲಿಸಿ ಕಥೆಯನ್ನು ಮಾತಿನಲ್ಲಿ ಹೇಳತೊಡಗಿದರೆ ‘ಹೂಂ’ಗುಟ್ಟುತ್ತಾರೆ. ಆ ಹೊತ್ತಿನಲ್ಲಿ ಮುಖ್ಯ ಹಾಡುಗಾರನಿಗೆ ಉಸಿರು ಸಿಗುತ್ತದೆ. ಮುಂದಿನ ಪಂಕ್ತಿಯನ್ನು ಕಟ್ಟಿಕೊಳ್ಳಲು ಬಿಡುವೂ ಸಿಗುತ್ತದೆ. ‘ಸೊಲ್ಲು’ ಎಂದರೂ ಮಾತು ಎಂದೇ ಅರ್ಥ. ಕಥೆಯ ಸಾವಿರ ಮಾತು ಬಾರದವನ ಕೈಗೆ ಒಂದೇ ಒಂದು ಮಾತನ್ನು ಕೊಟ್ಟು, ‘ಇದನ್ನು ಹಿಡಿದುಕೊಂಡಿರು’ ಎಂದ ಹಾಗೆ. ಆ ಒಂದನ್ನು ಅವನು ಬಿಟ್ಟರೆ ಸಾವಿರ ಬಲ್ಲವನೂ ತಡವರಿಸುತ್ತಾನೆ.

ಆಲ್ಬರ್ಟ್ ಲಾರ್ಡ್ ಎಂಬ ಅಮೆರಿಕದ ವಿದ್ವಾಂಸರು 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಂದಿನ ಯುಗೊಸ್ಲಾವಿಯದ ಕಥನಗಾಯಕರು ಕಲಿಯುವ ಬಗೆಯನ್ನು ಅದು ವಿವರಿಸುತ್ತದೆ. ಅಲ್ಲಿಯ ಗಾಯಕ ಒಂಟಿ; ಗುಸ್ಲೆ ಎಂಬ ತಂತಿವಾದ್ಯವೊಂದೇ ಅವನ ಜೊತೆ. ಕಲಿಯುವ ಹುಡುಗ ಮೊದಲ ಘಟ್ಟದಲ್ಲಿ ಬದಿಗೆ ಕುಳಿತು ಸುಮ್ಮನೆ ಕೇಳುತ್ತಾನೆ. ಬಾಯಿ ತೆರೆಯುವುದು ಎರಡನೆಯ ಘಟ್ಟ. ನಮ್ಮಲ್ಲಿ ಹಾಗಲ್ಲ. ಹಿಮ್ಮೇಳಕ್ಕೆ ಸೇರಿದ ಹುಡುಗ ಮೊದಲ ರಾತ್ರಿಯೇ ಬಾಯಿ ತೆರೆಯುತ್ತಾನೆ. ಪಂಕ್ತಿಯ ಕೊನೆಯಿಂದ ಮೊದಲಿನ ಕಡೆಗೆ, ಪ್ರಾಸದಿಂದ ಅರ್ಥದ ಕಡೆಗೆ ಅವನ ಕಲಿಕೆ ಸಾಗುತ್ತದೆ. ಶಾಲೆಯ ಪದ್ಯಪಾಠಕ್ಕೆ ಇದು ನೇರ ವಿರುದ್ಧ. ಲಾರ್ಡರು ಕಂಡ ಕ್ರಮಕ್ಕಿಂತಲೂ ಇದು ಉದಾರವಾದುದೆಂದು ನನ್ನ ಭಾವನೆ.

ಹಾಡುಗಾರರಲ್ಲದ ಭಕ್ತರಿಗೂ ಒಂದು ಪಾಲಿದೆ. ಬೆಟ್ಟ ಹತ್ತುವವರೆಲ್ಲರ ಬಾಯಲ್ಲಿ ‘ಉಘೇ’ ಎಂಬ ಜಯಕಾರವಿದೆ. ವೀರಶೈವ ಸಾಹಿತ್ಯವನ್ನು ಓದಿದವರಿಗೆ ಈ ಹಳೆಯ ಶಬ್ದದ ಪರಿಚಯವುಂಟು. ಕೂಗುವವರಲ್ಲಿ ಎಷ್ಟೋ ಮಂದಿ ಅದರ ಅರ್ಥವನ್ನು ಕೇಳಿದವರಲ್ಲ. ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತೆಂಬುದನ್ನು ನೆನೆಯಬೇಕು. ಇಂದಿಗೂ ಗಡಿಯಾಚೆಯಿಂದ ತಮಿಳು ನುಡಿಯುವ ಭಕ್ತರು ಮಾದಪ್ಪನಲ್ಲಿಗೆ ಬರುತ್ತಾರೆ. ಕನ್ನಡದ ಕಥೆ ಅವರಿಗೆ ಪೂರ್ತಿ ತಿಳಿಯದಿದ್ದೀತು. ‘ಉಘೇ’ ಎನ್ನುವಾಗ ಯಾರ ದನಿ ಯಾವ ಭಾಷೆಯದೆಂದು ಬೇರ್ಪಡಿಸಲಾಗದು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಎಲ್. ಎನ್. ಶಾಸ್ತ್ರಿಯವರು ಹಾಡಿದ ಕೋಲುಮಂಡೆಯ ಹಾಡು ಈ ಪರಂಪರೆಯದೇ. ಕಂಸಾಳೆಯನ್ನು ಕಂಡೇ ಇರದ ಊರುಗಳಲ್ಲಿಯೂ ಅದನ್ನು ಗುನುಗಿದರು. ‘ಕೋಲುಮಂಡೆ’ ಎಂದರೇನೆಂದು ಅವರಲ್ಲಿ ಎಷ್ಟು ಜನ ವಿಚಾರಿಸಿದರೋ!

ಇದೆಲ್ಲ ಓದುಬರಹದಿಂದ ದೂರವಿದ್ದವರ ಮಾತು ಎನ್ನುವಿರಾ? ಯಳಂದೂರನ್ನು ನೋಡಿ. ಹದಿನೇಳನೆಯ ಶತಮಾನದಲ್ಲಿ ಆ ಊರಿಗೆ ಸೇರಿದ ಇಬ್ಬರು ಕವಿಗಳಿದ್ದರು. ಷಡಕ್ಷರದೇವ ‘ರಾಜಶೇಖರ ವಿಳಾಸ’ವನ್ನು ಚಂಪುವಿನಲ್ಲಿ ಬರೆದ, ಪದಗಳ ಅರ್ಥ ಮೊದಲೇ ತಿಳಿದಿರದೆ ಅದರೊಳಗೆ ಹೊಕ್ಕುವುದು ಕಷ್ಟ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ಕ್ಕೆ ಆರಿಸಿಕೊಂಡದ್ದು ಸಾಂಗತ್ಯವನ್ನು. ಅದು ಹಾಡುವ ಮಟ್ಟು. ಎರಡು ಪದ್ಯ ಕಿವಿಗೆ ಬಿದ್ದರೆ ಮೂರನೆಯದರ ನಡೆ ಮಾತಿಗೆ ಮುಂಚೆಯೇ ನಾಲಗೆಗೆ ಬಂದಿರುತ್ತದೆ.

ನನ್ನ ಚಿಂತೆ ಬೇರೆಯೇ ಇದೆ. ಕಂಸಾಳೆ ಇಂದು ಮೆರವಣಿಗೆಗಳಲ್ಲಿ, ವೇದಿಕೆಗಳ ಮೇಲೆ ಮಿಂಚುವ ಕುಣಿತವಾಗಿದೆ, ನೋಡಲು ಸೊಗಸು. ಆದರೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಮುಗಿಯಬೇಕಾದ ಪ್ರದರ್ಶನದಲ್ಲಿ ಪದ ಬಾರದ ಹುಡುಗನನ್ನು ಕೂರಿಸಿಕೊಳ್ಳುವವರು ಯಾರು? ತಪ್ಪಿ ತಿದ್ದಿಕೊಳ್ಳಲು ಅವನಿಗೆ ಇರುಳು ಉದ್ದವಾಗಿರಬೇಕು. ಮೊಬೈಲಿನಲ್ಲಿ ಕಥೆ ಕೇಳುವವರು ಬಹಳ ಮಂದಿ ಇದ್ದಾರೆ. ಅಲ್ಲಿ ಹಿಮ್ಮೇಳವೂ ಮುದ್ರಿತವಾಗಿ ಬಂದಿರುತ್ತದೆ. ಕೇಳುವವನು ಸುಮ್ಮನಿದ್ದರೂ ಹಾಡು ನಿಲ್ಲುವುದಿಲ್ಲ. ಕಾವ್ಯ ಉಳಿಯಿತೆಂದು ಸಮಾಧಾನಪಡುವಾಗ ಅದನ್ನು ಕಲಿಸುತ್ತಿದ್ದ ಈ ಜಾಗ ಉಳಿಯಿತೇ ಎಂದೂ ನೋಡಬೇಡವೆ?

ಪುಷ್ಯ ಮಾಸದ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಸಿ ಸಿದ್ದಪ್ಪಾಜಿಯ ಜಾತ್ರೆ ಆರಂಭವಾಗುತ್ತದೆ. ಹೋಗುವ ಮನಸ್ಸಿದ್ದವರು ನೀಲಗಾರರ ಮೇಳವೊಂದು ಸಿಕ್ಕರೆ ಮುಖ್ಯ ಹಾಡುಗಾರನ ಎದುರಿಗಲ್ಲ, ಹಿಮ್ಮೇಳದ ಪಕ್ಕಕ್ಕೆ ಕುಳಿತುಕೊಳ್ಳಲಿ. ಅರ್ಧ ಗಂಟೆಯೊಳಗೆ ಸೊಲ್ಲು ಬಾಯಿಗೆ ಬರುತ್ತದೆ. ನೀವು ಹಾಡಿದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.