ಮನಃಶಾಸ್ತ್ರದ ಪ್ರಾಕ್ಟಿಕಲ್ ನಮ್ಮ ತಾಲ್ಲೂಕಿನಲ್ಲೇ ಆಗಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಿಯುಸಿ ಕಲಾ ವಿಭಾಗದಲ್ಲಿ ಮನಃಶಾಸ್ತ್ರ ಓದಿದ ಮಕ್ಕಳು ಈ ಭಾಗದಿಂದ ನಾನು ಪಾಠ ಮಾಡುವ ಪದವಿ ಕಾಲೇಜಿಗೆ ಬರುತ್ತಾರೆ. ಹೆಚ್ಚಿನವರು ಹೆಣ್ಣುಮಕ್ಕಳು. ಜೊತೆಯಲ್ಲಿ ಬಂದ ಅಪ್ಪಂದಿರು ಕೇಳುವುದು ಒಂದೇ: "ಇದನ್ನ ಓದಿದ್ರೆ ಏನ್ ಕೆಲ್ಸ ಸಿಗ್ತದೆ ಮೇಡಂ?" ನಾನೂ ಪಾವಗಡದ ಕಡೆಯವಳೇ. ಆ ಪ್ರಶ್ನೆಯ ಹಿಂದಿರುವ ಸಾಲ, ಬಸ್ ಚಾರ್ಜು, ಹಾಸ್ಟೆಲ್ ಚಿಂತೆ ಎಲ್ಲವೂ ನನಗೆ ಗೊತ್ತು.

ಈ ಓದಿನ ಜೀವ ಇರುವುದು ಪ್ರಾಕ್ಟಿಕಲ್‌ನಲ್ಲಿ. ಮೊದಲ ವರ್ಷ ಮುಲ್ಲರ್–ಲೈಯರ್ ಪ್ರಯೋಗ ಮಾಡಿಸುತ್ತೇವೆ. ಎರಡು ಗೆರೆ, ಅಳತೆ ಒಂದೇ. ಒಂದರ ತುದಿಗೆ ಒಳಮುಖದ ಬಾಣ, ಇನ್ನೊಂದಕ್ಕೆ ಹೊರಮುಖದ್ದು. ಸಮ ಎಂದು ಗೊತ್ತಿದ್ದರೂ ಒಂದು ಗೆರೆ ಉದ್ದವಾಗಿಯೇ ಕಾಣುತ್ತದೆ. ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗ. ಸಮಯ ಎಷ್ಟು, ತಪ್ಪು ಎಷ್ಟು ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಇಲ್ಲಿ ಕಲಿಯಬೇಕಾದ ಶಿಸ್ತು ದೊಡ್ಡದು: ಎಲ್ಲರಿಗೂ ಒಂದೇ ಸೂಚನೆ ಕೊಡಬೇಕು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು, ಊಹೆಯನ್ನು ಬೇರೆ ಇಡಬೇಕು.

ಮುಂದಿನ ವರ್ಷಗಳಲ್ಲಿ ಬುದ್ಧಿಶಕ್ತಿ ಪರೀಕ್ಷೆಗಳ ಪರಿಚಯ. ವಿ.ವಿ. ಕಾಮತ್ ಅವರು ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಬಿನೆ–ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಅಂಥ ಮಗು ಕನ್ನಡದ ಪ್ರಶ್ನೆಗೆ ಸುಮ್ಮನೆ ಕೂತರೆ ದಡ್ಡ ಎಂದು ಬರೆದುಬಿಡುವುದು ಸುಲಭ. ಭಾಟಿಯಾ ಅವರ ಪರೀಕ್ಷೆಯಲ್ಲಿ ಬಣ್ಣದ ಘನಗಳನ್ನು ಜೋಡಿಸುವ, ಚಿತ್ರದ ತುಂಡುಗಳನ್ನು ಸೇರಿಸುವ ಕೆಲಸಗಳಿವೆ. ಮಾತಿಗೆ ತಡವರಿಸಿದ ಕೈ ಅಲ್ಲಿ ಚುರುಕಾಗಬಹುದು. ಒಂದೇ ಅಂಕಿ ನೋಡಿ ಮಗುವಿನ ಹಣೆಬರಹ ಬರೆಯಬಾರದು ಎನ್ನುವುದನ್ನು ಪಾಠದಲ್ಲಿ ಹೇಳಿದರೆ ಸಾಲದು, ಮಗುವಿನ ಎದುರು ಕೂತೇ ಕಲಿಯಬೇಕು.

ಕೊನೆಯ ವರ್ಷದ ಕ್ಷೇತ್ರಕಾರ್ಯ ಎಲ್ಲಕ್ಕಿಂತ ಕಷ್ಟದ್ದು. ಹಳ್ಳಿಯಲ್ಲಿ ಒಬ್ಬರ ಜೊತೆ ಮಾತಾಡಿ ಬಂದು ಮೂರು ಕಾಲಂ ತುಂಬಬೇಕು: ಅವರು ಹೇಳಿದ್ದು, ನಾನು ಹೇಳಿದ್ದು, ಆಗ ನನ್ನ ಮನಸ್ಸಿಗೆ ಬಂದದ್ದು. ವಿದ್ಯಾರ್ಥಿನಿಯೊಬ್ಬಳ ಪುಸ್ತಕದ ಒಂದು ಪುಟ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಜ್ಜಿ: "ರಾತ್ರಿಯೆಲ್ಲ ನಿದ್ದೆ ಇಲ್ಲ ಕಣವ್ವ. ಮಗ ಬೆಂಗಳೂರಿಗೆ ಹೋದೋನು ಫೋನೂ ಮಾಡಲ್ಲ." ಹುಡುಗಿ: "ಟೆನ್ಷನ್ ಮಾಡ್ಕೋಬೇಡಿ ಅಜ್ಜಿ, ಎಲ್ಲ ಸರಿಹೋಗ್ತದೆ." ಮೂರನೇ ಕಾಲಂನಲ್ಲಿ: "ಅಜ್ಜಿ ಅಳ್ತಾರೇನೋ ಅಂತ ಭಯ ಆಯ್ತು." ಅದರ ಕೆಳಗೆ ಅಜ್ಜಿಯ ಮಾತು: "ಬಿಸ್ಲಾಯ್ತು, ಹೊರಡವ್ವ."

ಆ ಪುಟ ಇಟ್ಟುಕೊಂಡು ಒಂದು ಇಡೀ ಪೀರಿಯಡ್ ಮಾತಾಡಿದೆವು. ಸಮಾಧಾನದ ಮಾತು ಬೇಕಾಗಿದ್ದದ್ದು ಅಜ್ಜಿಗಿಂತ ಹೆಚ್ಚಾಗಿ ಅವಳಿಗೇ. ಮತ್ತೆ ಹೋದಾಗ ಅವಳು ಕೇಳಿದ್ದು ಇಷ್ಟೇ: "ಮಗನ ಬಗ್ಗೆ ಹೇಳಿ ಅಜ್ಜಿ." ಅಜ್ಜಿ ಊಟ ಬಿಟ್ಟಿದ್ದು, ಬದುಕೇ ಬೇಡ ಅನ್ನಿಸುತ್ತಿದ್ದದ್ದು ಆಗ ಹೊರಬಂತು. ಹುಡುಗಿ ಉಪದೇಶಕ್ಕೆ ಹೋಗಲಿಲ್ಲ. ನನಗೆ ಅಲ್ಲಿಂದಲೇ ಫೋನ್ ಮಾಡಿದಳು. ಆಶಾ ಕಾರ್ಯಕರ್ತೆಯ ಜೊತೆ ಅಜ್ಜಿ ಆಸ್ಪತ್ರೆಗೆ ಹೋದರು. ತನ್ನ ಕೆಲಸ ಎಲ್ಲಿಗೆ ಮುಗಿಯುತ್ತದೆ, ವೈದ್ಯರ ಕೆಲಸ ಎಲ್ಲಿಂದ ಶುರು ಎಂದು ಅವಳಿಗೆ ತಿಳಿದಿತ್ತು. ನನ್ನ ಮಟ್ಟಿಗೆ ತರಬೇತಿ ಎಂದರೆ ಇದು.

ಈ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜಾಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ನಮ್ಮದೇ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕಾರ್ಯಕ್ರಮ ನಡೆಸಿದ್ದಾರೆ. ಅಲ್ಲಿ ಆದದ್ದು ಪಾವಗಡದಲ್ಲಿ ಆಗದು ಎನ್ನಲು ಕಾರಣವಿಲ್ಲ.

ಈಗ ಅಪ್ಪಂದಿರ ಪ್ರಶ್ನೆಗೆ ಬರುತ್ತೇನೆ. ಬರೀ ಬಿ.ಎ. ಓದಿ ಬೋರ್ಡ್ ಹಾಕಿಕೊಂಡು ಚಿಕಿತ್ಸೆ ಕೊಡಲು ಆಗದು. ಆಪ್ತಸಮಾಲೋಚಕರಾಗಲು ಎಂ.ಎಸ್ಸಿ. ಮಾಡಿಕೊಳ್ಳುವುದು ಒಳ್ಳೆಯದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮತ್ತು ನೋಂದಣಿ ಬೇಕೇ ಬೇಕು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮುಗಿಸೋಣ ಎಂದುಕೊಂಡವರು ತಿಳಿಯಬೇಕು: 2025ರ ಜುಲೈ–ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ, ಆನ್‌ಲೈನ್ ಮೂಲಕ ಮನಃಶಾಸ್ತ್ರ ಪದವಿಯನ್ನು ಯುಜಿಸಿ ನಿಲ್ಲಿಸಿದೆ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ಇರುವ ನಮಗೆ ಇದು ಕಷ್ಟವೇ. ಆದರೂ ಎದುರು ಮನುಷ್ಯನಿಲ್ಲದೆ ಈ ವಿದ್ಯೆ ಕಲಿಯಲು ಬರುವುದಿಲ್ಲ, ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ತರಬೇತಿ ತಾಲ್ಲೂಕಿಗೆ ಬರಬೇಕು. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಆ ದಿನ ಕೊನೆಯ ವರ್ಷದ ಇಬ್ಬರು ಮಕ್ಕಳಿಗೆ ಪಕ್ಕದಲ್ಲಿ ಕೂತು ನೋಡಲು, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಲಿಯಲು ಅವಕಾಶ ಕೊಡಿ ಎಂದು ವೈದ್ಯಾಧಿಕಾರಿಗಳನ್ನು ಕೇಳುತ್ತೇನೆ. ಪೋಷಕರೇ, ಮಗಳನ್ನು ಸೇರಿಸುವ ಮೊದಲು ಕಾಲೇಜಿನಲ್ಲಿ ಫೀಸಿನ ಜೊತೆ ಇದನ್ನೂ ಕೇಳಿ: ಪ್ರಾಕ್ಟಿಕಲ್ ವಾರಕ್ಕೆ ಎಷ್ಟು ಗಂಟೆ, ಕ್ಷೇತ್ರಕಾರ್ಯ ಎಲ್ಲಿ, ರೆಕಾರ್ಡ್ ಓದಿ ತಿದ್ದುವವರು ಯಾರು? ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.